ಸುಟ್ಟ ಹೆಬ್ಬೆಟ್ಟಿಗೆ ಸುಣ್ಣ

ಕೈ ಸುಟ್ಟುಕೊಳ್ಳುವುದು ನನಗೆ ಹೊಸದಲ್ಲ. ಹತ್ತು ವರ್ಷದಿಂದ ದಾಬಸ್‌ಪೇಟೆಯ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದೇನೆ. ಒಂದು ಬೆರಳು ಮಾಯುವಷ್ಟರಲ್ಲಿ ಇನ್ನೊಂದಕ್ಕೆ ಬಿಸಿ ತಗುಲಿರುತ್ತದೆ. ಸುಟ್ಟದ್ದು ಹೇಗೋ ವಾಸಿಯಾಗುತ್ತದೆ, ಔಷಧಿ ಹೇಳುವವರಿಂದ ಪಾರಾಗುವುದೇ ಕಷ್ಟ. ಈ ಸಲವಂತೂ ನನ್ನ ಜೀವವೆಲ್ಲ ಎಡಗೈ ಹೆಬ್ಬೆಟ್ಟಿನಲ್ಲೇ ಇತ್ತು.

೧. ಪೇಸ್ಟು

ಸೋಮವಾರ ಬೆಳಿಗ್ಗೆ ಮನೆಯಲ್ಲಿ ದೋಸೆ ಹುಯ್ಯುವಾಗ ಕಾವಲಿಯ ಅಂಚಿಗೆ ಹೆಬ್ಬೆಟ್ಟು ಒತ್ತಿಬಿಟ್ಟೆ. ಬೇರೆ ದಿನವಾಗಿದ್ದರೆ ಊದಿಕೊಂಡು ಮುಂದಿನ ದೋಸೆ ಹುಯ್ಯುತ್ತಿದ್ದೆ. ಆದರೆ ಶುಕ್ರವಾರ ದೊಡ್ಡಬಳ್ಳಾಪುರದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆ ಹೆಬ್ಬೆಟ್ಟಿನದೇ ಕೆಲಸ. ರಾಜಘಟ್ಟದ ಹತ್ತಿರ ಅತ್ತೆಗೆ ತವರಿನಿಂದ ಬಂದ ಒಂದು ಸೈಟಿದೆ. ಅದನ್ನು ನನ್ನ ಹೆಸರಿಗೆ ದಾನಪತ್ರ ಮಾಡಿಕೊಡುತ್ತೇನೆ ಎಂದಿದ್ದರು. ಮಗನಿಗೇಕೆ ಕೊಡುವುದಿಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅವನು ಕೇಳಿದವರಿಗೆಲ್ಲ ಬೈಕು ಕೊಟ್ಟು ತಾನು ನಡೆದು ಬರುವವನು, ಸೈಟನ್ನೂ ಕೊಟ್ಟುಬಿಡುತ್ತಾನೆ ಎಂದಿದ್ದರು. ನನ್ನ ಗಂಡ ಪಕ್ಕದಲ್ಲೇ ಕೂತು ಹೌದೌದು ಎಂದು ತಲೆಯಾಡಿಸಿದ.

ನನ್ನ ಹೆಸರಿನಲ್ಲಿ ಇದುವರೆಗೆ ಇದ್ದದ್ದು ಗ್ಯಾಸ್ ಕನೆಕ್ಷನ್ ಒಂದೇ. ಅತ್ತೆ ಆಗಲೇ ಎರಡು ಸಲ ಮನಸ್ಸು ಬದಲಾಯಿಸಿದ್ದರು. ಒಂದು ಸಲ ಗೌರಿ ಹಬ್ಬಕ್ಕೆ ನಾನು ತವರಿನಲ್ಲಿ ಒಂದು ದಿನ ಹೆಚ್ಚು ಉಳಿದಿದ್ದಕ್ಕೆ, ಇನ್ನೊಂದು ಸಲ ಸಾರಿಗೆ ಉಪ್ಪು ಕಮ್ಮಿಯಾಗಿದ್ದಕ್ಕೆ. ಹಾಗಾಗಿ ಆ ವಾರ ಅವರು ಏನು ಹೇಳಿದರೂ ಆಯ್ತತ್ತೆ ಎನ್ನುವುದೆಂದು ನಿರ್ಧರಿಸಿದ್ದೆ.

ನಲ್ಲಿಯ ಕಡೆ ಹೋಗುತ್ತಿದ್ದ ನನ್ನನ್ನು ಅತ್ತೆ ಅಡ್ಡಹಾಕಿದರು. ಸುಟ್ಟದ್ದಕ್ಕೆ ನೀರು ಹಾಕಿದರೆ ಬೊಬ್ಬೆ ಬರುತ್ತದಂತೆ. ಟೂತ್‌ಪೇಸ್ಟನ್ನು ಬೆರಳ ತುಂಬ ಮೆತ್ತಿದರು. ಉರಿ ಇಮ್ಮಡಿಯಾಯಿತು. ಹೇಗಿದೆ ಎಂದು ಕೇಳಿದರು. ತಣ್ಣಗಿದೆ ಎಂದೆ, ಕಣ್ಣಲ್ಲಿ ನೀರು ಬರುತ್ತಿತ್ತು. ಪುಣ್ಯಾತ್ಗಿತ್ತಿ, ನಾನು ಸಂತೋಷಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಇನ್ನಷ್ಟು ಮೆತ್ತಿದರು.

೨. ಕಾಫಿಪುಡಿ

ಕ್ಯಾಂಟೀನಿನ ಸೂಪರ್‌ವೈಸರಿಗೆ ತಾನು ಡಾಕ್ಟರಾಗಬೇಕಾಗಿದ್ದವನು ಎಂಬ ನಂಬಿಕೆ. ಪೇಸ್ಟು ನೋಡಿ ಹೌಹಾರಿ, ಒರೆಸಿ, ಕಾಫಿಪುಡಿ ಒತ್ತಿದ. ನನ್ನ ಭಯ ಉರಿಯದಲ್ಲ, ರೇಖೆಯದು. ರೇಖೆ ಅಳಿಸಿಹೋದರೆ ಮೆಷೀನು ತೆಗೆದುಕೊಳ್ಳುವುದಿಲ್ಲ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ, ಆ ಇನ್ನೊಂದು ದಿನಕ್ಕೆ ಅತ್ತೆಯ ಮನಸ್ಸು ಎಲ್ಲಿರುತ್ತದೋ. ಗಂಟೆಗೊಂದು ಸಲ ಬೆರಳನ್ನು ಬೆಳಕಿಗೆ ಹಿಡಿದು ರೇಖೆ ಎಣಿಸುತ್ತಿದ್ದೆ.

ಔಷಧಿ ಕೆಲಸ ಮಾಡುತ್ತದಾ ಎಂದು ಸೂಪರ್‌ವೈಸರನ್ನು ಕೇಳಿದೆ. ಗ್ಯಾರಂಟಿ ಎಂದ. ಯಾರಿಗೆ ವಾಸಿಯಾಗಿದೆ ಎಂದು ಕೇಳಿದೆ. ಇನ್ನೊಂದು ಚಿಟಿಕೆ ಒತ್ತುತ್ತ ಹೇಳಿದ: "ಅಕ್ಕಾ, ನೀವೇ ಫಸ್ಟು."

೩. ಮೊಟ್ಟೆ

ನಾವೆಲ್ಲ ಆಪಾ ಎಂದು ಕರೆಯುವ ಎದುರುಮನೆಯಾಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಗುಟ್ಟಾಗಿ ಹೋಗಿ ತೋರಿಸಿದೆ. ಚೆನ್ನಾಗಿ ಬೈದರು. ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕಿತ್ತು, ಪೇಸ್ಟು ಪುಡಿ ಎಲ್ಲ ಗಾಯ ಕೆಡಿಸುತ್ತವೆ, ಇನ್ನಾದರೂ ತೊಳೆದು ಹಾಗೇ ಬಿಡಿ ಎಂದರು. ಹೇಳುತ್ತ ಹೇಳುತ್ತ ಕೈ ಎತ್ತಿದಾಗ ಅವರ ತೋರುಬೆರಳಿನ ಮೇಲೆ ಏನೋ ಒಣಗಿ ಮಿರಮಿರ ಮಿಂಚುತ್ತಿತ್ತು. ಏನದು ಎಂದೆ. ಮೊಟ್ಟೆಯ ಬಿಳಿ, ಮಧ್ಯಾಹ್ನ ಕುಕ್ಕರು ತಗುಲಿತು, ತಮ್ಮ ಅತ್ತೆ ಹಚ್ಚಿದರು ಎಂದರು.

ನೀವೂನಾ ಎಂದೆ. ಆಪಾ ಒಳಗೆ ಇಣುಕಿ ದನಿ ತಗ್ಗಿಸಿದರು: "ನಾನು ಆಸ್ಪತ್ರೇಲಿ ನರ್ಸು ಕಣಮ್ಮ. ಇಲ್ಲಿ ಸೊಸೆ."

೪. ಸುಣ್ಣ

ಪೇಸ್ಟಿನಿಂದ ಗುಣ ಕಾಣದೆ ಅತ್ತೆ ತಮ್ಮ ಎಲೆಅಡಿಕೆ ಡಬ್ಬಿಯ ಸುಣ್ಣಕ್ಕೇ ಬಂದರು. ಸುಣ್ಣ, ಕೊಬ್ಬರಿ ಎಣ್ಣೆ, ಚಿಟಿಕೆ ಅರಿಶಿನ. ಅಂಗೈಯಲ್ಲಿ ತಮ್ಮ ಹೆಬ್ಬೆಟ್ಟಿನಿಂದಲೇ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿ ಬೆಳಿಗ್ಗೆ, ಸಂಜೆ, ಮಲಗುವಾಗ ಎಂದು ದಿನಕ್ಕೆ ಮೂರು ಹೊತ್ತು ಹಚ್ಚಿದರು. ಮೂರು ಹೊತ್ತೂ ನಾನು ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡೆ. ಗೊತ್ತಾದರೆ ಸೈಟು ಹೋಯಿತು ಎಂದು ಬಾಗಿಲ ಕಡೆಯೇ ಒಂದು ಕಣ್ಣಿಟ್ಟಿರುತ್ತಿದ್ದೆ.

ಶುಕ್ರವಾರ ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನ ಹೆಬ್ಬೆಟ್ಟು ಇಟ್ಟ ತಕ್ಷಣ ಮೆಷೀನು ತೆಗೆದುಕೊಂಡಿತು. ಅತ್ತೆ ಹಿಂದೆ ತಿರುಗಿ, ಸೋಮವಾರ ಸುಟ್ಟಿದ್ದ ಬೆರಳು, ಎಲ್ಲ ತಮ್ಮ ಸುಣ್ಣದ ಮಹಿಮೆ ಎಂದು ಸಾಲಿನಲ್ಲಿದ್ದವರಿಗೆ ಸಾರಿದರು. ಒಬ್ಬಾಕೆ ಅಳತೆ ಕೇಳಿ ಫೋನಿನಲ್ಲಿ ಬರೆದುಕೊಂಡಳು. ಆಮೇಲೆ ಅತ್ತೆ ಗತ್ತಿನಿಂದ ತಮ್ಮ ಹೆಬ್ಬೆಟ್ಟು ಇಟ್ಟರು.

ಬರಲಿಲ್ಲ. ಒರೆಸಿ ಇಟ್ಟರು, ಬರಲಿಲ್ಲ. ಕಂಪ್ಯೂಟರಿನ ಹುಡುಗಿ ಬೆರಳು ಹಿಡಿದು ನೋಡಿದಳು. ನಾಲ್ಕು ದಿನದ ಸುಣ್ಣ, ಎಣ್ಣೆ, ಅರಿಶಿನ ಗಾರೆಯ ಹಾಗೆ ಕೂತಿತ್ತು. ತೊಳೆದುಕೊಂಡು ಬನ್ನಿ, ಊಟದ ಹೊತ್ತಿನೊಳಗೆ ಬರದಿದ್ದರೆ ಇವತ್ತು ಆಗುವುದಿಲ್ಲ ಎಂದಳು.

ಅತ್ತೆಯನ್ನು ಆಫೀಸಿನ ಹಿಂದಿನ ನಲ್ಲಿಗೆ ಕರೆದುಕೊಂಡು ಹೋಗಿ, ಸೋಪು ಹಾಕಿ, ಅವರ ಬೆರಳನ್ನು ನೀರಿನ ಕೆಳಗೆ ಹಿಡಿದು ಮೆಲ್ಲಗೆ ಉಜ್ಜತೊಡಗಿದೆ. ಸುಣ್ಣ ತಿಂದು ತುದಿ ಕೆಂಪಗಾಗಿತ್ತು. ನನಗೋಸ್ಕರ ತಿಕ್ಕಿ ಹೀಗಾಗಿದೆಯಲ್ಲ ಎಂದು ಸಂಕಟವಾಯಿತು. ಅತ್ತೆ ನೀರನ್ನೇ ನೋಡುತ್ತ ಹೇಳಿದರು: "ಕೈ ಪಳಗೈತೆ ನಿಂಗೆ. ನಾಕು ದಿನದಿಂದ ಹಿತ್ಲಲ್ಲಿ ಇದನ್ನೇ ಮಾಡ್ತಿದ್ದಲ್ಲ."

ಗೊತ್ತಿದ್ದೂ ಯಾಕೆ ಹಚ್ಚುತ್ತಿದ್ದಿರಿ ಎಂದು ಹೇಗೋ ಕೇಳಿದೆ.

"ತೊಳ್ಕೊಳ್ಳೋಳು ನೀನ್ಯಾಕೆ ಮೂರು ಹೊತ್ತೂ ಕೈ ಚಾಚ್ತಿದ್ದೆ?"

ನಾನು ನಲ್ಲಿ ನಿಲ್ಲಿಸಿದೆ. ಆಮೇಲೆ ಅತ್ತೆ ನನ್ನ ಸೆರಗಿಗೇ ಬೆರಳು ಒರೆಸಿಕೊಂಡು ಒಳಗೆ ನಡೆದರು.

ಈ ಸಲ ಮೆಷೀನು ತೆಗೆದುಕೊಂಡಿತು. ಸೈಟು ನನ್ನದಾಯಿತು. ಹುಡುಗಿ ನಗುತ್ತ, ಈಗ ಹೇಗೆ ಬಂತಜ್ಜಿ, ಏನು ಮಾಡಿದಿರಿ ಎಂದು ಕೇಳಿದಳು. ಸಾಲಿನಲ್ಲಿದ್ದಾಕೆ ಮತ್ತೆ ಫೋನು ತೆಗೆದಳು. ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: "ಇನ್ನೂ ವಸಿ ಸುಣ್ಣ ಹಚ್ದೆ."