ಒಂದೇ ಪಾತ್ರ, ಇಬ್ಬರು ಅರ್ಥಧಾರಿಗಳು

ಸಮಯ: ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಬರುವುದಾಗಿ ತಿಳಿಸಿದ್ದು ಒಂಬತ್ತಕ್ಕೆ. ಹವೆ: ಮೋಡ, ಗಾಳಿಯಿಲ್ಲ. ಹಾಜರಿದ್ದವರು: ರಿಪ್ಪನ್‌ಪೇಟೆಯ ನಮ್ಮ ಸಭಾಭವನದ ಬೀಗದ ಕೈ ಇಟ್ಟುಕೊಂಡಿರುವ ನಿವೃತ್ತ ಮುಖ್ಯೋಪಾಧ್ಯಾಯನಾದ ನಾನು, ಬೆಂಗಳೂರಿನಿಂದ ಬಂದ ಒಬ್ಬ ಟೀವಿ ನಿರ್ದೇಶಕ, ಆತನ ಕ್ಯಾಮೆರಾದವನು.

ಇಷ್ಟು ವರ್ಷ ಶಾಲೆ ನಡೆಸಿದವನ ಮುಂದೆ ಜನ ನೇರವಾಗಿ ನಡೆದುಕೊಳ್ಳಬೇಕಿತ್ತು. ನಡೆದುಕೊಳ್ಳುವುದಿಲ್ಲ. ಆದ್ದರಿಂದ ಇಂಥ ಪ್ರಸಂಗಗಳು ನನ್ನೆದುರು ನಡೆಯುತ್ತಲೇ ಇರುತ್ತವೆ. ನಾನು ಸಂಶಯಪಡುತ್ತಲೇ ಇರುತ್ತೇನೆ.

೧. ಬೀಗದ ಕೈ

ನಿರ್ದೇಶಕನಿಗೆ ಚಿತ್ರೀಕರಣಕ್ಕೆ ಸಭಾಭವನ ಬೇಕಾಗಿತ್ತು. ಬೀಗದ ಕೈಯನ್ನು ಜೇಬಿನಲ್ಲಿಯೇ ಇಟ್ಟುಕೊಂಡು ವಿಚಾರಣೆ ಆರಂಭಿಸಿದೆ.

"ಕಥೆ ಏನು?"

"ಇಬ್ಬರು ಫ್ರೆಂಡ್ಸ್ ಸರ್. ಇಬ್ಬರಿಗೂ ಸಿನಿಮಾದಲ್ಲಿ ಹೀರೋ ಆಗೋ ಹುಚ್ಚು."

"ಕೊನೆಗೆ?"

"ಇಬ್ಬರೂ ಆಗಲ್ಲ ಸರ್."

"ಹಾಗಾದರೆ ದುಃಖದ ಕಥೆ."

"ಅಲ್ಲ ಸರ್, ಕಾಮಿಡಿ. ವಾರಕ್ಕೆ ಐದು ದಿನ ಬರುತ್ತೆ."

ಉತ್ತರ ತೃಪ್ತಿಕರವಾಗಿರಲಿಲ್ಲ. ಗುರುತಿನ ಚೀಟಿ ಕೇಳಿದೆ. ಚೀಟಿಯಲ್ಲಿ ಗಡ್ಡವಿಲ್ಲ, ಎದುರಿಗೆ ನಿಂತವನಿಗೆ ಎದೆಯವರೆಗೆ ಗಡ್ಡ. ಎರಡೂ ಅಂಗೈಗಳಿಂದ ಗಡ್ಡ ಮುಚ್ಚಿಕೊಂಡು ಬೆಳಕಿಗೆ ಬರುವಂತೆ ಸೂಚಿಸಿದೆ. ಬಂದ. ಎಡಕ್ಕೆ ತಿರುಗಲು ಹೇಳಿದೆ. ತಿರುಗಿದ. ಕ್ಯಾಮೆರಾದವನು ಆತನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ನಮ್ ಸೀರಿಯಲ್‌ನಲ್ಲಿ ಇಷ್ಟು ಕಾಮಿಡಿ ಇಲ್ಲ, ಸರ್."

೨. ಎರಡು ಬಾಗಿಲು

ಸ್ಥಳೀಯರಿಗೆ ಒಂದು ಪಾತ್ರವಿದೆ, ಒಂದೇ ಒಂದು, ಸಿಕ್ಕವನು ಮುಂದಿನ ಚಿತ್ರೀಕರಣಕ್ಕೆ ಬೆಂಗಳೂರಿಗೆ ಹೋಗಬೇಕು ಎಂಬ ಸುದ್ದಿ ಮಧ್ಯಾಹ್ನದೊಳಗೆ ಬಸ್‌ಸ್ಟ್ಯಾಂಡ್ ಮುಟ್ಟಿತು. ಆಸೆಪಟ್ಟವರು ಇಬ್ಬರು: ಒಬ್ಬ ಟೈಲರ್, ಒಬ್ಬ ಹೋಟೆಲಿನವನು. ಇಬ್ಬರೂ ನನ್ನ ಹಳೆಯ ವಿದ್ಯಾರ್ಥಿಗಳು. ಒಂದೇ ಬೆಂಚು, ಒಂದೇ ಬಗೆಯ ತಪ್ಪುಗಳು.

ಟೈಲರ್ ನನ್ನ ಮನೆಗೆ ಮುಂಬಾಗಿಲಿನಿಂದ ಬಂದ. "ಮೇಷ್ಟ್ರೇ, ಡೈರೆಕ್ಟ್ರಿಗೆ ನನ್ನ ಬಗ್ಗೆ ಒಂದ್ ಮಾತು ಹೇಳಿ. ಅಪ್ಪ ಸಾಯೋವರೆಗೂ 'ನಿನ್ನ ಮುಖ ಯಾರು ನೋಡ್ತಾರೆ' ಅಂತಿದ್ರು. ಒಂದ್ಸಲ ಟೀವಿಲಿ ಬರ್ಬೇಕು. ಹೋಟೆಲಿನವ್ನಿಗೆ ಮಾತ್ರ ಗೊತ್ತಾಗ್ಬಾರ್ದು. ಪಾಪ, ನೊಂದ್ಕೊಳ್ತಾನೆ."

ಆತ ಗೇಟು ದಾಟುವಷ್ಟರಲ್ಲಿ ಹಿಂಬಾಗಿಲು ಸದ್ದಾಯಿತು. ಹೋಟೆಲಿನವನು ನಿಂತಿದ್ದ. "ಮೇಷ್ಟ್ರೇ, ಒಂದ್ ಮಾತು ಡೈರೆಕ್ಟ್ರಿಗೆ... ಟೈಲರ್‌ಗೆ ಗೊತ್ತಾಗ್ಬಾರ್ದು. ಪಾಪ, ನೊಂದ್ಕೊಳ್ತಾನೆ."

"ಹಿಂಬಾಗಿಲಿನಿಂದ ಯಾಕೆ ಬಂದೆ?"

"ಮುಂದೆ ಅವ್ನ ಚಪ್ಪಲಿ ಇತ್ತಲ್ಲ, ಮೇಷ್ಟ್ರೇ."

೩. ದೋಷವಿಲ್ಲದ ಅಂಗಿ

ಆಯ್ಕೆಯ ದಿನ ಬೆಳಿಗ್ಗೆ ಹೋಟೆಲಿನವನು ಹೊಸ ಅಂಗಿಯೊಂದನ್ನು ನನ್ನ ಮೇಜಿನ ಮೇಲೆ ಹರಡಿದ. ಹೊಲಿದವನು ಅದೇ ಟೈಲರ್.

"ಎಲ್ಲೋ ಏನೋ ಮಾಡಿದಾನೆ. ನೋಡಿ ಹೇಳಿ."

ಗುಂಡಿಗಳನ್ನು ಒಂದೊಂದಾಗಿ ಎಳೆದು ಪರೀಕ್ಷಿಸಿದೆ. ಗಟ್ಟಿಯಾಗಿದ್ದವು. ಎರಡೂ ತೋಳುಗಳನ್ನು ಸ್ಕೇಲಿನಿಂದ ಅಳೆದೆ. ಸಮ. ಕಾಲರನ್ನು ತಿರುಗಿಸಿ ನೋಡಿದೆ. ದೋಷವಿರಲಿಲ್ಲ.

"ಅಂಗಿ ಸರಿಯಾಗಿದೆ."

"ಅದೇ ಮೇಷ್ಟ್ರೇ ನಂಗೆ ಹೆದ್ರಿಕೆ! ಮೂವತ್ತು ವರ್ಷದಲ್ಲಿ ಒಂದ್ಸಲನೂ ಸರಿಯಾಗಿ ಹೊಲಿದವ್ನಲ್ಲ."

೪. ಆಯ್ಕೆ

ಓದುಗರು ಒಂದು ವಿಷಯ ತಿಳಿದಿರಬೇಕು. ಇವರಿಬ್ಬರೂ ತಾಳಮದ್ದಳೆಯ ಅರ್ಥಧಾರಿಗಳು. ಅಲ್ಲಿ ವೇಷವಿಲ್ಲ, ಬರೆದುಕೊಂಡ ಮಾತಿಲ್ಲ. ಎದುರುಬದುರು ಕುಳಿತು, ಪಾತ್ರವಾಗಿ, ಆಶುವಾಗಿ ವಾದಿಸಬೇಕು. ಎದುರಾಳಿಯ ಮಾತಿಗೆ ಸುಮ್ಮನೆ ಒಪ್ಪಿಬಿಡುವುದು ಅವಮಾನ. ಹಾಡುವ ಭಾಗವತರು ಮುಂದಿನ ಪದ ಎತ್ತಿಕೊಂಡರೆ ಮಾತ್ರ ವಾದ ನಿಲ್ಲುತ್ತದೆ. ಅರಳಸುರಳಿಯಿಂದ ಆನಂದಪುರದವರೆಗೆ ಎಲ್ಲಿ ತಾಳಮದ್ದಳೆಯ ಕೂಟವಾದರೂ ಇವರು ಎದುರುಬದುರು.

ನಿರ್ದೇಶಕನಿಗೆ ಇದು ತಿಳಿದಿರಲಿಲ್ಲ. ನಾನು ಬೀಗ ತೆಗೆದುಕೊಟ್ಟ ಸಭಾಭವನದಲ್ಲಿ ಆತ ಇಬ್ಬರನ್ನೂ ಒಂದೇ ದೃಶ್ಯಕ್ಕೆ ಕೂರಿಸಿದ. ದೃಶ್ಯ ಇಷ್ಟು: ಸಿನಿಮಾದ ಅವಕಾಶ ಒಬ್ಬನಿಗೆ ಮಾತ್ರ. ಹೋಟೆಲಿನವನು "ನೀನೇ ಹೋಗು" ಎನ್ನಬೇಕು. ಟೈಲರ್ "ಸರಿ" ಎಂದು ಎದ್ದು ಹೋಗಬೇಕು. ಚೆನ್ನಾಗಿ ಮಾಡಿದವನಿಗೆ ಪಾತ್ರ.

"ನೀನೇ ಹೋಗು" ಎಂದ ಹೋಟೆಲಿನವನು.

ಟೈಲರ್ ಏಳಲಿಲ್ಲ. ಹೆಗಲ ಮೇಲಿಲ್ಲದ ಶಾಲನ್ನು ಸರಿಪಡಿಸಿಕೊಂಡ. "ಹೋಗು ಎಂದೆಯಾ? ಕಳುಹಿಸಲು ನೀನು ಯಾರು? ಉಳಿದವನು ತ್ಯಾಗಿ, ಹೋದವನು ಸ್ವಾರ್ಥಿ! ಲೋಕದ ಮುಂದೆ ಈ ಅಪವಾದವನ್ನು ನನ್ನ ತಲೆಗೆ ಕಟ್ಟುವ ಹುನ್ನಾರವೇ ಇದು?"

"ಹುನ್ನಾರವೇ? ಅಮೃತ ಕೊಟ್ಟರೂ ಮೂಸಿ ನೋಡುವ ಮಿತ್ರನೇ, ಕೇಳು!"

"ಕಟ್!" ಎಂದ ನಿರ್ದೇಶಕ.

"ಸ್ವಲ್ಪ ತಡ್ಕಳಿ" ಎಂದ ಹೋಟೆಲಿನವನು. "ನಂದಿನ್ನೂ ಪೀಠಿಕೆ."

ನನ್ನ ಗಡಿಯಾರದ ಪ್ರಕಾರ ನಲವತ್ತೆರಡು ನಿಮಿಷ. ಕ್ಯಾಮೆರಾದ ಬ್ಯಾಟರಿ ಮುಗಿಯಿತು, ಇವರದು ಮುಗಿಯಲಿಲ್ಲ. ಗುಟ್ಟಾಗಿ ಪಾತ್ರ ಬೇಡಿದ್ದ ಇಬ್ಬರೂ ಈಗ ಅದನ್ನು ಪರಸ್ಪರರ ಮೇಲೆ ಹೊರಿಸಲು ಬೆವರು ಸುರಿಸುತ್ತಿದ್ದರು. ನನಗೆ ಇಬ್ಬರ ಮೇಲೂ ಸಂಶಯ.

ಆಗ ಹೋಟೆಲಿನವನ ಗ್ರಾಂಥಿಕ ಭಾಷೆ ಇದ್ದಕ್ಕಿದ್ದಂತೆ ಜಾರಿತು. "ಆಯ್ತು ಮಾರಾಯ, ನೀ ಹೋದಿ ಅಂತಿಟ್ಕ. ಮುಂದಿನ ಕೂಟದಲ್ಲಿ ನನ್ನೆದುರು ಯಾರು ಕೂರ್ತಾರೆ?"

ಟೈಲರ್ ಹೆಗಲ ಮೇಲಿಲ್ಲದ ಶಾಲನ್ನು ತೆಗೆದು, ಮಡಚಿ, ಪಕ್ಕಕ್ಕಿಟ್ಟ. ಆತ ವಾದ ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಭಿನಯವಿರಬಹುದೆಂದು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಅಭಿನಯವಾಗಿರಲಿಲ್ಲ.

"ಇರೋದು ಒಂದೇ ಪಾತ್ರ ಸರ್" ಎಂದ ನಿರ್ದೇಶಕ, ನನ್ನತ್ತ ತಿರುಗಿ. "ಯಾರಿಗೆ ಕೊಡ್ಲಿ? ನೀವೇ ಹೇಳಿ."

ನಾನು ನಿರ್ಣಯ ಕೊಡಲು ಗಂಟಲು ಸರಿಪಡಿಸಿಕೊಂಡೆ. ಅಷ್ಟರಲ್ಲಿ, ಗಂಡನನ್ನು ಹುಡುಕಿಕೊಂಡು ಸೌಟಿನ ಸಮೇತ ಬಂದು ಬಾಗಿಲಲ್ಲಿ ನಿಂತಿದ್ದ ಹೋಟೆಲಿನವನ ಹೆಂಡತಿ ತೀರ್ಪು ಕೊಟ್ಟುಬಿಟ್ಟಳು. ನಿರ್ದೇಶಕ ಅಲ್ಲಿಯೇ ಕುಳಿತು ಒಂದು ಪಾತ್ರವನ್ನು ಎರಡು ಮಾಡಿದ್ದು ಆ ತೀರ್ಪಿನ ಮೇಲೆಯೇ ಹೊರತು ಕಲೆಯ ಮೇಲಲ್ಲ. ಅದನ್ನು ಯಥಾವತ್ತಾಗಿ ದಾಖಲಿಸುತ್ತೇನೆ:

"ಕರ್ಕೊಂಡು ಹೋಗೋದಾದ್ರೆ ಇಬ್ರನ್ನೂ ಕರ್ಕೊಂಡ್ ಹೋಗಿ. ಒಬ್ಬನ್ನೇ ಬಿಟ್ಟು ಹೋದ್ರೆ, ಅವನ ಎದುರು ಕೂತು ವಾದ ಮಾಡೋಕೆ ನಂಗೆ ಪುರುಸೊತ್ತಿಲ್ಲ!"