ಅಣ್ಣನ ಹಿಡಿಗೆ ತಮ್ಮನ ನಳಿಗೆ

ದಿನಕ್ಕೆ ಮೂರು ವಿಷಯಗಳಿಗಾದರೂ ದೇವರಿಗೆ ಕೈಮುಗಿಯಬೇಕೆಂಬುದು ನನ್ನ ವ್ರತ. ಅಂದು ಮಧ್ಯಾಹ್ನದೊಳಗೆ ಎರಡು ಸಿಕ್ಕಿದ್ದವು: ಹಾಲು ಉಕ್ಕಿ ಚೆಲ್ಲಿರಲಿಲ್ಲ, ಪೆರ್ಲದ ಬಸ್ಸು ಯಜಮಾನರನ್ನು ಬಿಟ್ಟು ಹೋಗಿರಲಿಲ್ಲ. ಮೂರನೆಯದಕ್ಕೆ ಕಾಯುತ್ತ, ಮೆಟ್ಟುಕತ್ತಿಯಲ್ಲಿ ಬಸಳೆ ಹೆಚ್ಚುತ್ತಿದ್ದೆ. ಕೋವಿಯ ಲೈಸೆನ್ಸು ಹೊಸತು ಮಾಡಿಸಲು ಹೋಗಿದ್ದ ಅವರು ಕೋವಿಯಿಲ್ಲದೆ ಬಂದರು.

"ಸ್ಟೇಶನಿನಲ್ಲೇ ಇಟ್ಟುಕೊಂಡರು ಮಾರಾಯ್ತಿ. ಹಿಡಿಯ ನಂಬರು ನಮ್ಮದು, ನಳಿಗೆಯ ನಂಬರು ಶಂಕರನದ್ದಂತೆ! ನಾಳೆ ಅವನ ಕೋವಿಯೂ ಬರಬೇಕು, ಇಬ್ಬರೂ ಒಟ್ಟಿಗೆ ಬರಬೇಕು. ಇಲ್ಲದಿದ್ದರೆ ಲೈಸೆನ್ಸೂ ಇಲ್ಲ, ಮೇಲಿಂದ ಕೇಸು ಬೇರೆ."

'ಒಟ್ಟಿಗೆ' ಎನ್ನುವಾಗ ಅವರ ಮುಖ ಗಾಂಧಾರಿ ಮೆಣಸು ಕಚ್ಚಿದಂತಾಯಿತು. ಶಂಕರ ಅವರ ತಮ್ಮ, ಬೇಲಿಯಾಚೆಯ ಮನೆ. ಪಾಲಾಗುವಾಗ ಬಾವಿಯ ರಾಟೆ ಯಾರಿಗೆಂದು ಜಗಳವಾಗಿ, ಮೂರು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಪಕ್ಷಪಾತವಾಗಬಾರದೆಂದು ಮಾವನವರು ಇಬ್ಬರಿಗೂ ಒಂದೇ ಅಂಗಡಿಯಿಂದ, ಒಂದೇ ಅಚ್ಚಿನ ಕೋವಿ ತೆಗೆಸಿಕೊಟ್ಟಿದ್ದರು. ಎರಡೂ ಸಾಧುಪ್ರಾಣಿಗಳು. ಗದ್ದೆಗೆ ಬರುವ ಹಂದಿಗಳು ಸದ್ದಿಗೆ ಓಡಿದ್ದುಂಟೇ ಹೊರತು ಒಂದಕ್ಕೂ ಗಾಯವಾದದ್ದಿಲ್ಲ.

"ಮನೆಯಲ್ಲಿ ಬೇರೆ ಯಾರಾದರೂ ಮುಟ್ಟಿದ್ದಾರಾ ಅಂತ ಕೇಳಿದರು. ನಾನಲ್ಲದೆ ಒಂದು ನೊಣ ಕೂಡ ಮುಟ್ಟುವುದಿಲ್ಲ ಅಂದೆ" ಎಂದು ಇವರು ಎದೆಯುಬ್ಬಿಸಿದರು.

ನನಗೆ ಆಯುಧಪೂಜೆಯ ನೆನಪಾಯಿತು. ದೇವರಕೋಣೆ ನಮ್ಮ ಪಾಲಿಗೆ ಬಂದದ್ದರಿಂದ ಆಯುಧಪೂಜೆಗೆ ಎರಡೂ ಮನೆಯ ಕೋವಿಗಳು ನಮ್ಮಲ್ಲೇ ಸೇರುತ್ತವೆ. ಶಂಕರನದ್ದನ್ನು ಅವನ ಹೆಂಡತಿ ಸುಮತಿ ಹೊತ್ತು ತರುತ್ತಾಳೆ. ದೇವರ ಮುಂದೆ ಧೂಳಿನ ಕೋವಿ ಇಡುವುದು ಹೇಗೆ? ಈ ಸಲ ನಾವಿಬ್ಬರೇ ಎರಡನ್ನೂ ಬಿಚ್ಚಿ, ಎಣ್ಣೆ ಹಚ್ಚಿ ಒರೆಸಿ, ಅವಳ ತಂಗಿಗೆ ಬಂದ ಸಂಬಂಧದ ವಿಷಯ ಮಾತಾಡುತ್ತ ಕೂಡಿಸಿಟ್ಟಿದ್ದೆವು. ಟಕ್ಕೆಂದು ಕೂತಿತ್ತು. ಹುಡುಗನ ಜಾತಕವೂ ಅಷ್ಟು ಚೆನ್ನಾಗಿ ಕೂಡಿರಲಿಲ್ಲ.

ಬೇಲಿ ದಾಟಿ ಓಡಿದೆ. ವಿಷಯ ಕೇಳಿದ್ದೇ ಸುಮತಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಕ್ಕಾ, ನಾವೇ!"

"ಹೌದು, ಮೆಲ್ಲ ಹೇಳು. ಮೊದಲು ಶಂಕರನನ್ನು ನಾಳೆ ಸ್ಟೇಶನಿಗೆ ಹೊರಡಿಸು."

ಮರುದಿನ ಅಣ್ಣ ಬಸ್ಸಿನ ಮುಂದಿನ ಸೀಟಿನಲ್ಲಿ, ತಮ್ಮ ಹಿಂದಿನ ಸೀಟಿನಲ್ಲಿ ಕೂತು ಹೋದರು. ಸ್ಟೇಶನಿನಲ್ಲಿ ಪೊಲೀಸರು, ಒಬ್ಬರು ಹಿಡಿದುಕೊಳ್ಳಿ, ಇನ್ನೊಬ್ಬರು ನಳಿಗೆ ಕೂಡಿಸಿ ಎಂದರಂತೆ. ಮಾತಾಡದೆ ಆ ಕೆಲಸ ಆಗುವುದಿಲ್ಲ. ನಂಬರುಗಳು ಸರಿಹೋಗಿ, ಎರಡು ಲೈಸೆನ್ಸಿಗೂ ಸೀಲು ಬಿತ್ತು. ಬರುವಾಗ ಒಂದೇ ಸೀಟು! ನಮ್ಮ ಜಗಲಿಗೆ ಬಂದು ಕೂತರೂ ಮಾತು ಮುಗಿದಿರಲಿಲ್ಲ.

"ತಪ್ಪು ನನ್ನದೇ ಅಣ್ಣ. ಎಣ್ಣೆ ಹಾಕುವಾಗ ನಾನೇ ಬದಲಾಯಿಸಿರಬೇಕು."

"ನಿನಗೆ ಎಂತ ಗೊತ್ತುಂಟು? ಬದಲಾಯಿಸಿದ್ದು ನಾನು!"

"ಅಲ್ಲ, ನಾನು!"

ಬೇರೆ ಬೇರೆ ಮನೆಯಲ್ಲಿದ್ದ ಕೋವಿಗಳ ನಳಿಗೆಯನ್ನು ಒಬ್ಬರೇ ಬದಲಾಯಿಸುವುದು ಹೇಗೆಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ. ಬಾಗಿಲ ಹಿಂದೆ ಸುಮತಿ ನನ್ನನ್ನು ಚಿವುಟಿದಳು. "ಹೇಳುವುದಾ ಅಕ್ಕಾ?"

ದೀಪ ಹಚ್ಚಿ ಸುಳ್ಳು ಹೇಳುವವಳಲ್ಲ ನಾನು. ಆದರೆ ದೀಪ ಹಚ್ಚಲು ಇನ್ನೂ ಹೊತ್ತಿತ್ತು. ದೇವರು ಕೇಳಿದರೆ ಹೇಳೋಣ ಎಂದುಕೊಂಡೆ. ಅವನು ಕೇಳಲಿಲ್ಲ. ಒಳಗೆ ಹೋಗಿ, ನಾಲ್ಕು ಮಂದಿಗಾಗುವಷ್ಟು ಅಕ್ಕಿ ಅಳೆದು ತೊಳೆಯತೊಡಗಿದೆ.