ಗಾಳಿ ಬೈಕು, ನೀರಿನ ಬೈಕು

ಮುರಳಿಮೋಹನ್: ನೋಡಿ ಭಾವ, ಗಾಳೀಲಿ ತಣ್ಣಗಾಗೋ ಇಂಜಿನ್ನಿಗೆ ಇನ್ನು ಹತ್ತು ವರ್ಷ ಆಯಸ್ಸು. ಆಮೇಲೆ ತೂಕಕ್ಕೇ ಹಾಕ್ಬೇಕು.

ಶ್ರೀರಾಮಪ್ಪ: ಲೇ ಮುರಳಿ, ಆ ಮಾತು ಆಮೇಲೆ. ನಿನ್ನ ನೀರಿನ ಬೈಕು ಆಗ್ಲಿಂದ ಹೊಗೆ ಬಿಡ್ತಿದೆ.

ಮುರಳಿಮೋಹನ್: ಹೊಗೆಯಲ್ಲ, ಆವಿ.

ಶ್ರೀರಾಮಪ್ಪ: ಹಂಗಾದ್ರೆ ಇಡ್ಲಿ ಇಡು.

ಶ್ರೀನಿವಾಸಪುರದ ರಸ್ತೆಯ ಏರು. ಮಾವಿನ ತೋಪಿನ ನೆರಳಲ್ಲಿ ತಾಯಲೂರಿನ ಶ್ರೀರಾಮಪ್ಪ ತನ್ನ ಹಳೆಯ ಗಾಳಿ ಬೈಕಿನ ಮೇಲೆ ಆರಾಮಾಗಿ ಕೂತಿದ್ದ. ಬಾಮೈದ ಮುರಳಿಗೆ ಹೆಣ್ಣು ನೋಡಲು ಇಬ್ಬರೂ ಹೊರಟಿದ್ದರು. ಒಂದೇ ಬೈಕಿನಲ್ಲಿ ಹೋಗೋಣವೆಂದರೆ ಹುಡುಗ ಕೇಳಿರಲಿಲ್ಲ; ರೇಡಿಯೇಟರಿನ ನೀರಲ್ಲಿ ಇಂಜಿನ್ ತಣಿಸುವ ಹೊಸ ಬೈಕನ್ನು ಹೆಣ್ಣಿನ ಮನೆಯವರು ನೋಡಲೇಬೇಕಿತ್ತು. ಈಗ ಅದರ ಪೈಪು ಕಳಚಿ ನೀರೆಲ್ಲ ಟಾರಿನ ಮೇಲೆ ಹರಿದಿತ್ತು. ಹೋದ ಸಲ ತಡವಾಗಿ ಹೋಗಿ ಒಂದು ಸಂಬಂಧ ಕೈತಪ್ಪಿದ್ದು ನೆನಪಿದ್ದರೂ ಶ್ರೀರಾಮಪ್ಪನಿಗೆ ಒಳಗೊಳಗೇ ಹಬ್ಬ.

ಮುರಳಿಮೋಹನ್: ರಾಹುಕಾಲ ಬಂದ್ಬಿಡುತ್ತೆ ಭಾವ. ಕಾಲು ಕೊಟ್ಟು ತಳ್ಳಿ.

ಶ್ರೀರಾಮಪ್ಪ: ಗಾಳಿ ದೊಡ್ಡದೋ, ನೀರು ದೊಡ್ಡದೋ?

ಮುರಳಿಮೋಹನ್: ಇವತ್ತಿಗೆ ಗಾಳಿ.

ಶ್ರೀರಾಮಪ್ಪ: ಏಮ್ರಾ, ಇವತ್ತಿಗೆ ಅಂದ್ರೆ?

ಮುರಳಿಮೋಹನ್: ಮದುವೆ ಆಗೋವರೆಗೂ ಗಾಳೀನೇ!

ಶ್ರೀರಾಮಪ್ಪ ಹೊಸ ಬೈಕಿನ ಹಿಂದಿನ ಫುಟ್‌ರೆಸ್ಟಿಗೆ ಕಾಲೊತ್ತಿ, ತನ್ನದನ್ನು ಮೊದಲನೇ ಗೇರಿಗೆ ಹಾಕಿ ತಳ್ಳಿದ. ಏರು ಮುಗಿಯಲೇ ಇಲ್ಲ. ಮೊದಲು ಮೊಣಕಾಲಿಗೆ ಬಿಸಿ ತಗುಲಿತು, ಆಮೇಲೆ ಸುಟ್ಟ ಆಯಿಲ್ ವಾಸನೆ ಬಂತು, ಕೊನೆಗೆ ಇಂಜಿನ್ ಗೊರಗುಟ್ಟಿ ನಿಂತೇಹೋಯಿತು.

ಮುರಳಿಮೋಹನ್: ಯಾಕೆ ಭಾವ, ಗಾಳಿ ಖಾಲಿನಾ?

ಶ್ರೀರಾಮಪ್ಪ: ಓಡಿದ್ರೆ ತಾನೇ ಕಣೋ ಗಾಳಿ ಬಡಿಯೋದು! ನಿನ್ನಂಥ ಭಾರ ತಳ್ಕೊಂಡು ನಡಿಗೇಲಿ ಹೋದ್ರೆ?

ಮುರಳಿಮೋಹನ್: ಓಹೋ! ತಣ್ಣಗಾಗೋಕೆ ಓಡ್ಬೇಕು, ಓಡೋಕೆ ತಣ್ಣಗಾಗ್ಬೇಕು. ಭೇಷ್!

ಇಬ್ಬರೂ ತೋಳೇರಿಸುವಷ್ಟರಲ್ಲಿ ಎದುರಿನಿಂದ ಸ್ಕೂಟರಿನಲ್ಲಿ ಬಂದ ಹುಡುಗಿಯೊಬ್ಬಳು ನಿಲ್ಲಿಸಿದಳು.

ಹುಡುಗಿ: ತಾಯಲೂರಿನವರಾ? ನಾನು ಚಂದನ. ನೀವು ನೋಡೋಕೆ ಬರ್ತಿರೋ ಹೆಣ್ಣು. ತುಂಬಾ ತಡ ಆಯ್ತಲ್ಲ, ನಾನೇ ನೋಡ್ಕೊಂಡು ಹೋಗೋಣ ಅಂತ ಬಂದೆ.

ಮುರಳಿ ಗಡಿಬಿಡಿಯಲ್ಲಿ ಕೂದಲು ಸರಿಮಾಡಿಕೊಂಡ. ಹಿರಿಯನಾಗಿ ಮಾತಾಡಬೇಕಾದ ಶ್ರೀರಾಮಪ್ಪನ ಬಾಯಿಂದ ಹೊರಟದ್ದು ಇದು:

ಶ್ರೀರಾಮಪ್ಪ: ನೀನೇ ತೀರ್ಮಾನ ಹೇಳಮ್ಮ. ಇಂಜಿನ್ನಿಗೆ ಗಾಳಿ ಮೇಲೋ, ನೀರು ಮೇಲೋ?

ಚಂದನ: ನನ್ನ ಸ್ಕೂಟರಿಗೂ ಗಾಳೀನೇ.

ಶ್ರೀರಾಮಪ್ಪ: ಕೇಳಿಸ್ಕೊಂಡೇನ್ಲಾ!

ಚಂದನ: ಆದ್ರೆ ಒಳಗೆ ಫ್ಯಾನಿದೆ. ಏರಲ್ಲೂ ಬೀಸುತ್ತೆ, ನಿಂತ್ರೂ ಬೀಸುತ್ತೆ.

ಶ್ರೀರಾಮಪ್ಪ ಉಬ್ಬಿಸಿದ್ದ ಎದೆ ಇಳಿಸಿಕೊಂಡ. ಚಂದನ ಮುರಳಿಯ ಕಡೆ ತಿರುಗಿದಳು.

ಚಂದನ: ಇಂಜಿನ್ ಇರ್ಲಿ. ನೀವು ಬಿಸಿಯಾದ್ರೆ ಏನ್ಮಾಡ್ಬೇಕು?

ಮುರಳಿಮೋಹನ್: ಒಂದು ಲೋಟ ಕಾಫಿ ಸಾಕು.

ಚಂದನ: ಮಾಡೋಕೆ ಬರುತ್ತಾ?

ಮುರಳಿಮೋಹನ್: ಬರುತ್ತೆ.

ಚಂದನ: ಹಂಗಾದ್ರೆ ಹತ್ತಿ.

ಮುರಳಿ ಒಂದೇ ನೆಗೆತಕ್ಕೆ ಹಿಂದಿನ ಸೀಟಿನಲ್ಲಿದ್ದ. ಹೊರಟ ಸ್ಕೂಟರಿನ ಹಿಂದೆ ಶ್ರೀರಾಮಪ್ಪ ನಾಲ್ಕು ಹೆಜ್ಜೆ ಓಡಿದ.

ಶ್ರೀರಾಮಪ್ಪ: ಅಮ್ಮಾ, ನನ್ನ ಗತಿ?

ಚಂದನ: ಅಪ್ಪಂಗೆ ಟ್ರ್ಯಾಕ್ಟರ್ ತಗೊಂಡು ಬರೋಕೆ ಹೇಳ್ತೀನಿ ಅಂಕಲ್. ಅದು ನೀರಿನದು, ಬೇಜಾರಿಲ್ಲ ತಾನೇ?